ಕೊಪ್ಪರಿಗೆಯ ಪಕ್ಕದಲ್ಲಿ 40 ಪಿನ್ನುಗಳು: ರಾಸ್ಪ್‌ಬೆರಿ ಪೈ ಜೀರೊ 2 ಡಬ್ಲ್ಯು

ಮಂಡ್ಯ ತಾಲ್ಲೂಕಿನ ನಮ್ಮ ಊರಿನಲ್ಲಿ ದೊಡ್ಡಪ್ಪ ನಡೆಸುವ ಆಲೆಮನೆಯಲ್ಲಿ ಕಳೆದ ಹಂಗಾಮಿನಿಂದ ರಾಸ್ಪ್‌ಬೆರಿ ಪೈ ಜೀರೊ 2 ಡಬ್ಲ್ಯು ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಕೊಪ್ಪರಿಗೆಯ ಶಾಖವನ್ನು ಬರೆದಿಡುತ್ತಿದೆ. ಬೆಲ್ಲದ ಪಾಕವನ್ನು ಯಾವ ಕ್ಷಣದಲ್ಲಿ ಒಲೆಯಿಂದ ಇಳಿಸಬೇಕು ಎಂಬುದು ಅನುಭವಸ್ಥರ ಕಣ್ಣಿಗೂ ಕೈಗೂ ಬಿಟ್ಟ ವಿಷಯ. ಆ ಅನುಭವವನ್ನು ಅಂಕಿಗಳಲ್ಲಿ ಹಿಡಿದಿಡಬೇಕೆಂಬುದು ನನ್ನ ಆಸೆಯಾಗಿತ್ತು. ಈ ಬೋರ್ಡಿನ ವೇಗವನ್ನು ಕುರಿತು ಬರೆದವರು ಬಹಳ ಮಂದಿ ಇದ್ದಾರೆ. ನಾನಿಲ್ಲಿ ಪರಿಶೀಲಿಸುವುದು ಅದರ ಅಂಚಿನಲ್ಲಿರುವ 40 ಪಿನ್ನುಗಳನ್ನು, ಅವುಗಳಿಗೆ ಸೆನ್ಸರ್ ಜೋಡಿಸಿ ಸಜ್ಜುಗೊಳಿಸುವ ಕೆಲಸವನ್ನು ಮಾತ್ರ.

2021ರ ಅಕ್ಟೋಬರ್‌ನಲ್ಲಿ 15 ಡಾಲರ್ ಬೆಲೆಗೆ ಬಿಡುಗಡೆಯಾದ ಈ ಬೋರ್ಡು 65 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲವಿದೆ. ನಾಲ್ಕು ಕೋರಿನ 1 ಗಿಗಾಹರ್ಟ್ಸ್ ಪ್ರೊಸೆಸರ್, 512 ಎಂಬಿ ಮೆಮೊರಿ ಮತ್ತು ವೈಫೈ ಇದರಲ್ಲಿವೆ. ಸೆಕೆಂಡಿಗೊಮ್ಮೆ ಶಾಖವನ್ನು ಓದಿ ಕಡತಕ್ಕೆ ಬರೆಯುವ ಕೆಲಸಕ್ಕೆ ಇಷ್ಟು ಧಾರಾಳವಾಗಿ ಸಾಕು. ಆದರೆ ಪಿನ್ನುಗಳ ಜಾಗದಲ್ಲಿ ಬರುವುದು ಎರಡು ಸಾಲು ತೂತುಗಳು. ಪಿನ್ ಪಟ್ಟಿಯನ್ನು ನಾವೇ ಬೆಸುಗೆ ಹಾಕಬೇಕು. ಸಾಲ್ಡರಿಂಗ್ ಅಭ್ಯಾಸವಿಲ್ಲದವರು ಈ ಕೆಲಸವನ್ನು ಹತ್ತಿರದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಮಾಡಿಸಿಕೊಳ್ಳುವುದು ಉತ್ತಮ, ಏಕೆಂದರೆ ಅರೆಬರೆ ಹಿಡಿದ ಬೆಸುಗೆ ಮುಂದೆ ಸೆನ್ಸರಿನ ದೋಷದಂತೆಯೇ ಕಾಣಿಸಿಕೊಳ್ಳುತ್ತದೆ. 2014ರ ಬಿ ಪ್ಲಸ್ ಮಾದರಿಯಲ್ಲಿ ಬಂದ 40 ಪಿನ್ನುಗಳ ಜೋಡಣೆಯೇ ಇಂದಿಗೂ ಮುಂದುವರಿದಿದೆ. ಹಳೆಯ ಬೋರ್ಡಿಗಾಗಿ ಬರೆದಿಟ್ಟ ವೈರಿಂಗ್ ನಕ್ಷೆ ಹೊಸದಕ್ಕೂ ಹೊಂದುತ್ತದೆ ಎಂಬ ಈ ಒಂದು ಗುಣಕ್ಕಾಗಿಯೇ ನಾನು ಇದನ್ನು ಆರಿಸಿಕೊಂಡೆ.

ಹೊಸಬರು ಎಡವುವುದು ಪಿನ್ನುಗಳ ಸಂಖ್ಯೆಯಲ್ಲಿ. ಪ್ರತಿ ಪಿನ್ನಿಗೂ ಪಟ್ಟಿಯಲ್ಲಿ ಅದಿರುವ ಸ್ಥಾನದ ಸಂಖ್ಯೆಯೊಂದು, ಚಿಪ್ಪಿನೊಳಗಿನ ಜಿಪಿಐಒ (ಸಂಕೇತ ಕೊಡುವ, ಪಡೆಯುವ ಪಿನ್) ಸಂಖ್ಯೆ ಇನ್ನೊಂದು. ಒಂದೇ ಡೇಟಾ ತಂತಿಯಲ್ಲಿ ಮಾತನಾಡುವ ಒನ್-ವೈರ್ ಸೆನ್ಸರುಗಳಿಗೆ ವ್ಯವಸ್ಥೆಯು ತಾನಾಗಿ ಬಳಸುವುದು ಜಿಪಿಐಒ 4. ಅದು ಇರುವುದು ಪಟ್ಟಿಯ 7ನೆಯ ಸ್ಥಾನದಲ್ಲಿ. ಪಟ್ಟಿಯ 4ನೆಯ ಸ್ಥಾನದಲ್ಲಿರುವುದಾದರೋ 5 ವೋಲ್ಟ್ ವಿದ್ಯುತ್. ಪಾಲಿಟೆಕ್ನಿಕ್ ಓದುತ್ತಿರುವ ತಮ್ಮನ ಜೊತೆ ಮೊದಲ ದಿನ ಕುಳಿತಾಗ ನಾವು ‘ನಾಲ್ಕು’ ಎಂದು ಓದಿ, ಸೆನ್ಸರಿನ ಡೇಟಾ ತಂತಿಯನ್ನು ನೇರವಾಗಿ ಆ 5 ವೋಲ್ಟಿಗೆ ಸಿಕ್ಕಿಸಿ, ಸೆನ್ಸರ್ ಏಕೆ ಕಾಣಿಸುತ್ತಿಲ್ಲವೆಂದು ಅರ್ಧ ದಿನ ಹುಡುಕಿದೆವು. ಅದೃಷ್ಟಕ್ಕೆ ಏನೂ ಸುಡಲಿಲ್ಲ. ಬೋರ್ಡಿನ ಸಂಕೇತದ ಪಿನ್ನುಗಳೆಲ್ಲ 3.3 ವೋಲ್ಟಿನವು, 5 ವೋಲ್ಟನ್ನು ಅವು ತಡೆದುಕೊಳ್ಳುವುದಿಲ್ಲ; ಅದೇ ತಂತಿ ಯಾವುದಾದರೂ ಜಿಪಿಐಒ ಪಿನ್ನನ್ನೂ ಮುಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಟರ್ಮಿನಲ್‌ನಲ್ಲಿ ‘ಪಿನ್‌ಔಟ್’ ಎಂಬ ಆದೇಶ ಕೊಟ್ಟರೆ ನಮ್ಮ ಬೋರ್ಡಿನ ನಕ್ಷೆ ಎರಡೂ ಸಂಖ್ಯೆಗಳೊಡನೆ ತೆರೆಯ ಮೇಲೆ ಬರುತ್ತದೆ. ತಂತಿ ಮುಟ್ಟುವ ಮುನ್ನ ಅದನ್ನು ನೋಡುವುದು ಈಗ ನಮ್ಮ ರೂಢಿ.

ಸಾಫ್ಟ್‌ವೇರ್ ಕಡೆಯ ಸಿದ್ಧತೆ ನಾನು ಅಂಜಿದಷ್ಟು ಕಷ್ಟವಿರಲಿಲ್ಲ. ರಾಸ್ಪಿ-ಕಾನ್ಫಿಗ್ ಎಂಬ ಪಟ್ಟಿಯ ಇಂಟರ್‌ಫೇಸ್ ವಿಭಾಗದಲ್ಲಿ ಎಸ್‌ಪಿಐ, ಐ2ಸಿ, ಒನ್-ವೈರ್ ಎಂಬ, ಸೆನ್ಸರುಗಳೊಡನೆ ಮಾತನಾಡುವ ಮೂರು ವಿಧಾನಗಳನ್ನು ಆನ್ ಮಾಡಿ ಬೋರ್ಡನ್ನು ಮರುಚಾಲನೆ ಮಾಡಿದರೆ ಆಯಿತು. ಇದೆಲ್ಲ ಕೊನೆಗೆ ಬರೆಯಲ್ಪಡುವುದು ಕಾನ್ಫಿಗ್ ಎಂಬ ಪಠ್ಯ ಕಡತದಲ್ಲಿ. ಬೋರ್ಡಿನ ಕಾರ್ಯಾಚರಣ ವ್ಯವಸ್ಥೆಯಾದ ರಾಸ್ಪ್‌ಬೆರಿ ಪೈ ಒಎಸ್‌ನ, 2023ರಲ್ಲಿ ಬಂದ ಬುಕ್‌ವರ್ಮ್ ಆವೃತ್ತಿಯಿಂದ ಆ ಕಡತ ಬೂಟ್ ಫೋಲ್ಡರಿನ ಒಳಗಿರುವ ಫರ್ಮ್‌ವೇರ್ ಫೋಲ್ಡರಿಗೆ ಸ್ಥಳ ಬದಲಿಸಿದೆ. ಹಳೆಯ ಪಾಠಗಳನ್ನು ಅನುಸರಿಸುವವರು ಹಳೆಯ ಜಾಗದಲ್ಲಿ ತಿದ್ದಿ ಏನೂ ಆಗದಿದ್ದಾಗ ಗಾಬರಿಯಾಗಬೇಕಿಲ್ಲ.

ನಾವು ಮೊದಲು ಜೋಡಿಸಿದ ಡಿಎಸ್18ಬಿ20 ಶಾಖ ಅಳೆಯುವ ಒಳ್ಳೆಯ ಒನ್-ವೈರ್ ಸೆನ್ಸರ್. ಡೇಟಾ ತಂತಿಗೂ 3.3 ವೋಲ್ಟಿಗೂ ನಡುವೆ 4.7 ಕಿಲೊಓಮ್ ರೆಸಿಸ್ಟರ್ ಹಾಕಿದರೆ ಅದು ಕಡತದ ರೂಪದಲ್ಲೇ ಕಾಣಿಸಿಕೊಂಡು, ಶಾಖವನ್ನು ಡಿಗ್ರಿಯ ಸಾವಿರದ ಭಾಗಗಳಲ್ಲಿ ಹೇಳುತ್ತದೆ. ಓದುವಿಕೆ ಸರಿಯಾಗಿ 85 ಡಿಗ್ರಿಯಲ್ಲಿ ನಿಂತಿದ್ದರೆ ಅದನ್ನು ನಂಬಬಾರದು. ವಿದ್ಯುತ್ ಬಂದೊಡನೆ ಸೆನ್ಸರಿನಲ್ಲಿ ಇರುವ ಆರಂಭದ ಅಂಕಿ ಅದು, ಅಳತೆ ನಡೆದೇ ಇಲ್ಲವೆಂದು ಅರ್ಥ. ಗಾಣದಿಂದ ಬಂದ ಕಬ್ಬಿನ ಹಾಲು ನಿಲ್ಲುವ ತೊಟ್ಟಿಗೆ ಇದು ತಕ್ಕುದು. ಕೊಪ್ಪರಿಗೆಗೆ ಅಲ್ಲ. ಅಚ್ಚು ಬೆಲ್ಲದ ಹದ ಸಾಮಾನ್ಯವಾಗಿ 116ರಿಂದ 120 ಡಿಗ್ರಿಯ ಆಸುಪಾಸಿನಲ್ಲಿ ಬರುತ್ತದೆ. ಈ ಸೆನ್ಸರಿನ ಮಿತಿ 125 ಡಿಗ್ರಿ, ಅದರ ಪ್ಲಾಸ್ಟಿಕ್ ತಂತಿಯ ಮಿತಿ ಇನ್ನೂ ಕಡಿಮೆ.

ಆದ್ದರಿಂದ ಕೆ ಮಾದರಿಯ ಥರ್ಮೊಕಪಲ್ (ಶಾಖಕ್ಕೆ ತಕ್ಕಂತೆ ವೋಲ್ಟೇಜ್ ಹುಟ್ಟಿಸುವ, ಎರಡು ಬೇರೆ ಲೋಹಗಳ ಜೋಡಿ ತಂತಿ) ಮತ್ತು ಅದರ ಸೂಕ್ಷ್ಮ ವೋಲ್ಟೇಜನ್ನು ಅಂಕಿಯಾಗಿಸುವ ಮ್ಯಾಕ್ಸ್31855 ಚಿಪ್ಪಿನ ಮಾಡ್ಯೂಲ್ ತಂದೆ. ಎಸ್‌ಪಿಐ ಮೂಲಕ ಮಾತನಾಡುವ ಇದಕ್ಕೆ ವಿದ್ಯುತ್ತಿನ ಎರಡು ತಂತಿಗಳಲ್ಲದೆ ಮೂರೇ ತಂತಿ ಸಾಕು: ಕ್ಲಾಕ್ 23ನೆಯ ಪಿನ್ನಿಗೆ, ಡೇಟಾ 21ಕ್ಕೆ, ಆಯ್ಕೆಯ ತಂತಿ 24ಕ್ಕೆ. ಚಿಪ್ಪಿಗೆ ನಾವು ಏನನ್ನೂ ಹೇಳಬೇಕಿಲ್ಲ, ಅದು ಹೇಳಿದ್ದನ್ನು ಕೇಳಿಸಿಕೊಂಡರೆ ಸಾಕು. ತಂತಿ ಕಡಿದುಹೋದರೆ, ಗ್ರೌಂಡಿಗೆ ಅಥವಾ ವಿದ್ಯುತ್ತಿಗೆ ತಾಗಿದರೆ, ತಪ್ಪು ಅಂಕಿ ಕೊಡುವ ಬದಲು ಯಾವ ದೋಷವೆಂದು ಬೇರೆ ಬೇರೆಯಾಗಿ ತಿಳಿಸುತ್ತದೆ. ಇಂಥ ಪ್ರಾಮಾಣಿಕ ಭಾಗಗಳು ಕಡಿಮೆ ಎಂಬುದು ನನ್ನ ಅನುಭವ. ನಮಗೆ ಮೊದಲು ಕೊಪ್ಪರಿಗೆಯಲ್ಲಿ ಅದ್ದಿದಾಗಲೆಲ್ಲ ಗ್ರೌಂಡ್ ದೋಷ ಬರುತ್ತಿತ್ತು. ಅಂಗಡಿಯವರು ಕೊಟ್ಟ ಪ್ರೋಬಿನ ತುದಿ ಅದರ ಉಕ್ಕಿನ ಕವಚಕ್ಕೇ ಬೆಸೆದುಕೊಂಡಿತ್ತು. ಕವಚ ಕೊಪ್ಪರಿಗೆಗೆ, ಕೊಪ್ಪರಿಗೆ ನೆಲಕ್ಕೆ ತಾಗಿತ್ತು. ಕವಚದಿಂದ ಬೇರ್ಪಟ್ಟ ತುದಿಯುಳ್ಳ ಪ್ರೋಬ್ ತಂದ ಮೇಲೆ ದೋಷ ನಿಂತಿತು. ಕೊಳ್ಳುವಾಗಲೇ ಇದನ್ನು ಕೇಳಿ ತರಬೇಕು. ಒಲೆಯಿಂದ ಬೋರ್ಡಿನ ಪೆಟ್ಟಿಗೆಯವರೆಗೆ ಸಾಮಾನ್ಯ ತಾಮ್ರದ ತಂತಿಯನ್ನು ಬಳಸುವಂತಿಲ್ಲ, ಕೆ ಮಾದರಿಯದೇ ತಂತಿ ಬೇಕು. ತಂತಿಗಳನ್ನು ಅದಲುಬದಲು ಮಾಡಿದರೆ ಕಾಯಿಸಿದಷ್ಟೂ ಅಂಕಿ ಇಳಿಯುತ್ತದೆ. ಚಿಪ್ಪು ತನ್ನ ಸುತ್ತಲಿನ ಶಾಖವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದರಿಂದ ಪೆಟ್ಟಿಗೆಯನ್ನು ಒಲೆಯ ಝಳ ತಾಗದ ಗೋಡೆಗೆ ಹಾಕಿದ್ದೇವೆ.

ಕೆ ಮಾದರಿಯ ತಂತಿಯೊಡನೆ ನಮಗೆ ಬೇಕಾದ ವ್ಯಾಪ್ತಿಯಲ್ಲಿ ಈ ಚಿಪ್ಪಿನ ನಿಖರತೆ 2 ಡಿಗ್ರಿ ಆಚೀಚೆ. ಎರಡು ಡಿಗ್ರಿಯ ವ್ಯತ್ಯಾಸಕ್ಕೆ ಬೆಲ್ಲದ ಗುಣವೇ ಬದಲಾಗುವಲ್ಲಿ ಅಷ್ಟು ಸಾಲದು, ಆದ್ದರಿಂದ ಕುದಿಯುವ ನೀರಿನಲ್ಲಿ ಅದ್ದಿ ಸರಿಹೊಂದಿಸಿಕೊಳ್ಳಲೇಬೇಕು. ಆಗ 100 ಡಿಗ್ರಿ ಬರಲಿಲ್ಲವೆಂದು ಸೆನ್ಸರನ್ನು ದೂರಬಾರದು. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಗಿಂತ ತುಸು ಕೆಳಗೆ. ಪಾಕ ಕುದಿಯುವ ಶಾಖವೂ ಅದೇ ಪ್ರಮಾಣದಲ್ಲಿ ತಗ್ಗುವುದರಿಂದ, ಬೇರೆ ಊರಿನ ಅಂಕಿಯನ್ನು ಹಾಗೆಯೇ ಎತ್ತಿಕೊಳ್ಳದೆ, ನಮ್ಮ ಊರಿನ ನೀರು ಕುದಿಯುವ ಶಾಖಕ್ಕಿಂತ ಪಾಕ ಎಷ್ಟು ಮೇಲೆ ಹೋಯಿತು ಎಂಬುದನ್ನು ಬರೆದಿಡುತ್ತಿದ್ದೇನೆ.

ಬೋರ್ಡಿನ ಕೊರತೆಗಳನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಏರಿಳಿಯುವ ವೋಲ್ಟೇಜನ್ನು ಓದುವ ಅನಲಾಗ್ ಪಿನ್ ಇದರಲ್ಲಿ ಒಂದೂ ಇಲ್ಲ. ಸುಣ್ಣ ಹಾಕುವ ಮೊದಲು ಕಬ್ಬಿನ ಹಾಲಿನ ಹುಳಿಯನ್ನು ಪಿಎಚ್ ಪ್ರೋಬಿನಿಂದ ಅಳೆಯಬೇಕೆಂದರೆ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಎಸ್1115ರಂಥ ಚಿಪ್ಪನ್ನು ನಡುವೆ ಇರಿಸಬೇಕು. ಕರೆಂಟು ಹೋದರೂ ಓಡುವ ಗಡಿಯಾರವೂ ಇಲ್ಲ. ಇಂಟರ್ನೆಟ್ ಇಲ್ಲದ ನಮ್ಮ ಆಲೆಮನೆಯಲ್ಲಿ ದಾಖಲೆಯ ಹೊತ್ತೆಲ್ಲ ತಪ್ಪಾಗತೊಡಗಿದ ಮೇಲೆ ಡಿಎಸ್3231 ಗಡಿಯಾರವನ್ನು ಐ2ಸಿಯ 3 ಮತ್ತು 5ನೆಯ ಪಿನ್ನುಗಳಿಗೆ ಜೋಡಿಸಿದೆ. ಐ2ಸಿ ಡಿಟೆಕ್ಟ್ ಆದೇಶದ ಕೋಷ್ಟಕದಲ್ಲಿ 68 ಎಂಬ ವಿಳಾಸ ಮೂಡಿದರೆ ಅದು ಸಿಕ್ಕಿತೆಂದು ತಿಳಿಯಬೇಕು. ಇವೆಲ್ಲ ಸೇರಿದಾಗ ಖರ್ಚು ಬೋರ್ಡಿನ ಬೆಲೆಯನ್ನು ಸುಲಭವಾಗಿ ಮೀರುತ್ತದೆ. ಒಂದು ಅಂಕಿಯನ್ನು ನೋಡಿದರೆ ಸಾಕು ಎನ್ನುವವರು ಕೈಯಲ್ಲಿ ಹಿಡಿಯುವ ಡಿಜಿಟಲ್ ಥರ್ಮಾಮೀಟರ್ ಕೊಳ್ಳುವುದೇ ಸರಿ. ಕೊಪ್ಪರಿಗೆ ಕೊಪ್ಪರಿಗೆಗೂ ಶಾಖ ಏರಿದ ಬಗೆಯನ್ನು ಉಳಿಸಿಕೊಂಡು ಹೋಲಿಸಬೇಕೆನ್ನುವವರಿಗೆ ಈ ಬೋರ್ಡನ್ನು ಮನಸಾರೆ ಶಿಫಾರಸು ಮಾಡುತ್ತೇನೆ.

“ಪಾಕವ ನೀರಿಗೆ ಬುಟ್ಟು ನೋಡೋದ ನಾನು ಬುಡಾಕಿಲ್ಲ ಕಣ್ ಮಗ, ನಿನ್ ಪೆಟ್ಗೆ ಏನ್ ಹೇಳ್ತದೆ ಅದ್ನೂ ಬರ್ಕೊ” ಎಂದು ದೊಡ್ಡಪ್ಪ ಮೊದಲ ದಿನವೇ ಹೇಳಿದ್ದರು. ಅವರು ‘ಇಳಿಸು’ ಎಂದ ಗಳಿಗೆಯನ್ನು ಗುರುತು ಹಾಕಲು 11ನೆಯ ಪಿನ್ನಿಗೆ ಒಂದು ಒತ್ತುಗುಂಡಿ ಜೋಡಿಸಿದ್ದೇನೆ. ಅದನ್ನು ಈಗ ಅವರೇ ಒತ್ತುತ್ತಾರೆ.