ಕಿಟ್ ಸಮೇತ ಸ್ಪೋರ್ಟ್ಸ್ ಟಾಪ್ ತರಗತಿ: ದುಡ್ಡು ಕಟ್ಟುವ ಮೊದಲು ಇದನ್ನು ಓದಿ

"ವಾರಾಂತ್ಯದಲ್ಲಿ ಬನ್ನಿ, ನಿಮ್ಮದೇ ಅಳತೆಯ ಸ್ಪೋರ್ಟ್ಸ್ ಟಾಪ್ ಹೊಲಿದುಕೊಂಡು ಹೋಗಿ. ಬಟ್ಟೆ, ಇಲಾಸ್ಟಿಕ್, ನೂಲು ಎಲ್ಲ ಕಿಟ್‌ನಲ್ಲೇ ಇದೆ." ಮುಂಬೈಯಲ್ಲಿರುವ ಅಕ್ಕತಂಗಿಯರೇ, ವಾಟ್ಸಾಪ್‌ನಲ್ಲಿ ನಿಮಗೂ ಇಂಥ ಜಾಹೀರಾತು ಬಂದಿದ್ದರೆ ಯುಪಿಐ ಪಿನ್ ಒತ್ತುವ ಮುನ್ನ ಸ್ವಲ್ಪ ತಡೆಯಿರಿ. ಪಶ್ಚಿಮ ಉಪನಗರದಲ್ಲಿ ನಡೆದ ಇಂಥದೇ ಒಂದು ತರಗತಿಗೆ ನಾನೂ ನನ್ನ ಅತ್ತಿಗೆಯೂ ಹೋಗಿದ್ದೆವು. ಯಾರದೆಂದು ಇಲ್ಲಿ ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ. ಇದೇ ಕಿಟ್, ಇದೇ ಪಾಠ ಬೇರೆ ಬೇರೆ ಹೆಸರಲ್ಲಿ ಬರಬಹುದು. ಅಲ್ಲಿ ಏನು ತಪ್ಪಾಗಿತ್ತು ಎಂಬುದು ತಿಳಿದಿದ್ದರೆ ಯಾವ ಹೆಸರಲ್ಲಿ ಬಂದರೂ ಗುರುತಿಸಬಹುದು.

ನಾವು ಹೋದದ್ದು ಶೋಕಿಗಲ್ಲ. ಅತ್ತಿಗೆಗೆ ನಲವತ್ತು ದಾಟಿದೆ, ಬೋರಿವಲಿಯ ನ್ಯಾಷನಲ್ ಪಾರ್ಕಿನಲ್ಲಿ ಬೆಳಿಗ್ಗೆ ಓಡುತ್ತಾರೆ, ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಹಾಫ್ ಓಡಬೇಕೆಂಬ ಆಸೆ. ಅಂಗಡಿಯ ಸ್ಪೋರ್ಟ್ಸ್ ಬ್ರಾ ಎಂದರೆ ಎಸ್, ಎಂ, ಎಲ್. ಎದೆಯ ಅಳತೆಗೆ ಸರಿಯಾದದ್ದು ಎದೆಯ ಕೆಳಗೆ ಸುತ್ತುವ ಕೆಳಪಟ್ಟಿಯಲ್ಲಿ ಸಡಿಲ, ಕೆಳಪಟ್ಟಿಗೆ ಸರಿಯಾದದ್ದು ಎದೆಯನ್ನು ಹಿಂಡುತ್ತದೆ. ಮಕ್ಕಳಾದ ಮೇಲೆ ಮೈ ಬದಲಾದ ಎಷ್ಟು ಹೆಂಗಸರಿಗೆ ಇದೇ ಕಷ್ಟ! ಹಾಕಿಕೊಳ್ಳಲು ಸರಿಯಾದ ಉಡುಪಿಲ್ಲ ಎಂಬ ಒಂದೇ ಕಾರಣಕ್ಕೆ ಓಟ ಬಿಟ್ಟವರು ನನ್ನ ಪರಿಚಯದಲ್ಲೇ ಇದ್ದಾರೆ. ಅದಕ್ಕೇ ನಮ್ಮದನ್ನು ನಾವೇ ಹೊಲಿದುಕೊಳ್ಳುವುದು ಒಳ್ಳೆಯ ದಾರಿ ಎಂದು ಈಗಲೂ ನಂಬಿದ್ದೇನೆ. ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ಕೆಲಸಕ್ಕೆ ಬಾರದ್ದನ್ನು ಮಾರುತ್ತಾರಲ್ಲ, ನನ್ನ ಸಿಟ್ಟು ಅದರ ಮೇಲೆ.

ತರಗತಿಯಲ್ಲಿ ಹೊಲಿಯಬೇಕಾದದ್ದು ಎರಡು: ಒಳಗಿನ ಸ್ಪೋರ್ಟ್ಸ್ ಬ್ರಾ, ಅದರ ಮೇಲೆ ತೊಡುವ ಅರ್ಧ ತೋಳಿನ ಟಾಪ್. ಮೊದಲು ಅಳತೆ. ತೊಟ್ಟ ಕುರ್ತಾದ ಮೇಲೆಯೇ ಟೇಪು ಸುತ್ತಿದರು. ಎದೆ, ಸೊಂಟ, ಭುಜ, ಮುಗಿಯಿತು. ಎದೆಯ ಕೆಳಗಿನ ಸುತ್ತಳತೆ ಕೇಳಲೇ ಇಲ್ಲ. ಸ್ಪೋರ್ಟ್ಸ್ ಬ್ರಾದಲ್ಲಿ ಎದೆಯ ಭಾರವನ್ನು ಬಹುಪಾಲು ಹೊರುವುದು ಕೆಳಪಟ್ಟಿ. ಭುಜದ ಪಟ್ಟಿಗೇ ಅಷ್ಟೂ ಭಾರ ಬಿದ್ದರೆ ಹೆಗಲು ಕೊರೆಯುತ್ತದೆ. ಆ ಒಂದು ಅಳತೆ ಬಿಟ್ಟರೆ ಉಳಿದವನ್ನು ಎಷ್ಟು ಜಾಗ್ರತೆಯಿಂದ ತೆಗೆದರೂ ಏನೂ ಆಗುವುದಿಲ್ಲ.

ಆಮೇಲೆ ಕಟಿಂಗ್. ಅತ್ತಿಗೆಯ ಎದೆ 36 ಇಂಚು. ಅದಕ್ಕೆ 2 ಇಂಚು ಸೇರಿಸಿ 38ಕ್ಕೆ ಕತ್ತರಿಸಲು ಹೇಳಿದರು, ಕುರ್ತಾಕ್ಕೆ ಮಾಡುವ ಹಾಗೆ. "ಇದು ಎಳೆಯುವ ಬಟ್ಟೆಯಲ್ಲವಾ, ಕಮ್ಮಿ ಇಡಬೇಡವಾ?" ಅಂತ ಅತ್ತಿಗೆ ಕೇಳಿದರು. "ಥೋಡಾ ಲೂಸ್ ಅಚ್ಛಾ ಲಗ್ತಾ ಹೈ" ಎಂದು ಉತ್ತರ ಬಂತು. ಮೇಲೆ ತೊಡುವ ಸಡಿಲ ಟಾಪ್‌ಗಾದರೆ ಒಂದಷ್ಟು ಲೂಸ್ ನಡೆಯುತ್ತದೆ. ಒಳಗಿನ ಬ್ರಾಗೆ ಖಂಡಿತ ನಡೆಯುವುದಿಲ್ಲ. ಅದು ಮೈಗಿಂತ ಚಿಕ್ಕದಾಗಿಯೇ ಇರಬೇಕು, ತೊಟ್ಟಾಗ ಹಿಗ್ಗಿ ಮೈಯನ್ನು ಹಿಡಿಯಬೇಕು. ಚೆನ್ನಾಗಿ ಎಳೆಯುವ ಬಟ್ಟೆಗೆ ನೂರಕ್ಕೆ 10ರಷ್ಟು ಕಡಿಮೆ ಎಂದು ಲೆಕ್ಕ ಹಿಡಿದರೂ 36ರ ಎದೆಗೆ ಹೊಲಿದು ಮುಗಿಸಿದ ಅಳತೆ ಸುಮಾರು 32½ ಇಂಚು. ಮೈಯನ್ನು ಬಿಗಿಯಾಗಿ ಒತ್ತಿ ಹಿಡಿಯಬೇಕೆಂದರೆ ಇನ್ನೂ ಕಡಿಮೆ. ಕೆಳಪಟ್ಟಿಯ ಇಲಾಸ್ಟಿಕ್ ಕೂಡ ಹಾಗೆಯೇ: ಎದೆಯ ಕೆಳಗೆ 31 ಇಂಚು ಇದ್ದರೆ 27ರಿಂದ 28 ಇಂಚಿಗೆ ಕತ್ತರಿಸಿ, ಎಳೆದು ಹಿಡಿದುಕೊಂಡು ಹೊಲಿಯಬೇಕು. ನಮಗೆ ಮೈಯಷ್ಟೇ ಉದ್ದದ ಇಲಾಸ್ಟಿಕ್ ಕೊಟ್ಟಿದ್ದರು. ಕೈ ಎತ್ತಿದರೆ ಪಟ್ಟಿ ಮೇಲೆ ಸರಿದು ಅಲ್ಲೇ ಸುರುಳಿ ಸುತ್ತಿಕೊಳ್ಳುತ್ತಿತ್ತು.

ಅರ್ಧ ತೋಳಿನ ಟಾಪ್‌ನ ಕಥೆ ಇನ್ನೊಂದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಟೈಲರುಗಳೂ ಇಲ್ಲಿ ಎಡವುತ್ತಾರೆ. "ಓಡಾಡಲು ಆರಾಮ ಇರಲಿ" ಎಂದು ಆರ್ಮ್‌ಹೋಲನ್ನು (ತೋಳು ಕೂಡಿಸುವ ಸುತ್ತನ್ನು) ಕಂಕುಳಿನಿಂದ ಎರಡು ಬೆರಳು ಕೆಳಗೆ ಇಳಿಸಿ ಕತ್ತರಿಸಿದರು. ಕೇಳಲು ಸರಿ ಎನಿಸುತ್ತದೆ, ಆಗುವುದು ತಿರುಗುಮುರುಗು. ಕೈ ಮೇಲೆ ಹೋದಾಗ ಸೊಂಟದಿಂದ ತೋಳಿನವರೆಗಿನ ಪಕ್ಕದ ಉದ್ದ ಹೆಚ್ಚುತ್ತದೆ. ಆರ್ಮ್‌ಹೋಲ್ ಕೆಳಗಿದ್ದರೆ ಪಕ್ಕದ ಹೊಲಿಗೆ ಗಿಡ್ಡವಾಗಿರುತ್ತದೆ. ಕಡಿಮೆ ಬಿದ್ದ ಬಟ್ಟೆಯನ್ನು ಅದು ಎಲ್ಲಿಂದ ತರಬೇಕು? ಕೆಳಗಿನ ಅಂಚಿನಿಂದ ಎಳೆದುಕೊಳ್ಳುತ್ತದೆ, ಇಡೀ ಟಾಪ್ ಮೇಲೆ ಬಂದು ಹೊಟ್ಟೆ ಕಾಣುತ್ತದೆ. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರವಿದ್ದರೆ ತೋಳು ಮಾತ್ರ ಏಳುತ್ತದೆ, ಮೈಭಾಗ ಇದ್ದಲ್ಲೇ ಇರುತ್ತದೆ. ಟ್ರಯಲ್ ಹಾಕಿದಾಗ ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲುವುದರಿಂದ ಏನೂ ತಿಳಿಯುವುದಿಲ್ಲ. ಎರಡೂ ಕೈ ಎತ್ತಿ, ಬಗ್ಗಿ, ನಿಂತಲ್ಲೇ ಕುಪ್ಪಳಿಸಿ ನೋಡಿ. ತರಗತಿಯಲ್ಲಿ ನಮಗೆ ಟ್ರಯಲ್ ಎಂಬುದೇ ಇರಲಿಲ್ಲ, ಕಚ್ಚಾ ಹೊಲಿಗೆ ಹಾಕಿ ನೋಡುವ ಮಾತೂ ಬರಲಿಲ್ಲ.

ಇನ್ನು ಕಿಟ್‌ನ ಬಟ್ಟೆ. ಕಪ್ಪು ಬಣ್ಣ, ಒಳ್ಳೆಯ ಹೊಳಪು, ಪ್ಲಾಸ್ಟಿಕ್ ಚೀಲದ ಮೇಲೆ "ಫೋರ್ ವೇ ಲೈಕ್ರಾ" ಎಂಬ ಚೀಟಿ, ಅಂದರೆ ಉದ್ದಕ್ಕೂ ಅಡ್ಡಕ್ಕೂ ಹಿಗ್ಗಿ ಮತ್ತೆ ಕುಗ್ಗುವ ಲೈಕ್ರಾ ಎಳೆ ಸೇರಿದ ಬಟ್ಟೆ. ಮೊದಲ ಒಗೆತಕ್ಕೇ ಕುತ್ತಿಗೆ ಜೋತುಬಿತ್ತು. ಕಾಂದಿವಲಿಯ ಗಾರ್ಮೆಂಟ್ ಘಟಕವೊಂದರಲ್ಲಿ ಕೆಲಸ ಮಾಡುವ, ಕಲಬುರಗಿ ಕಡೆಯ ಮಾಸ್ತರೊಬ್ಬರಿಗೆ ಉಳಿದ ತುಂಡನ್ನು ತೋರಿಸಿದೆ. ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಎಳೆದರು, ಬಿಟ್ಟರು. "ಅಕ್ಕಾರೆ, ಇದ್ರಾಗ ಲೈಕ್ರಾ ಇಲ್ರೀ. ಎಳದ್ರ ಬರ್ತದ, ಬಿಟ್ರ ವಾಪಸ್ ಹೋಗಂಗಿಲ್ಲ. ಬರೇ ಹೆಣಿಗಿ ಎಳಿತದ, ಅಷ್ಟ" ಎಂದರು. ಹಾಗೆ ಹೇಳಿ ಮೇಜಿನ ಮೇಲಿದ್ದ ಸ್ಕೇಲನ್ನು ನನ್ನ ಕಡೆ ಸರಿಸಿದರು.

ಅವರು ತೋರಿಸಿದ ಪರೀಕ್ಷೆಯನ್ನು ಯಾರು ಬೇಕಾದರೂ ಅಂಗಡಿಯಲ್ಲೇ ನಿಂತು ಮಾಡಬಹುದು. ಬಟ್ಟೆಯನ್ನು ಅಂಚಿನಿಂದ ಸ್ವಲ್ಪ ಒಳಗೆ ಮಡಚಿ, ಮಡಿಕೆಯ ಮೇಲೆ 4 ಇಂಚು ಹಿಡಿದು ಸ್ಕೇಲಿನ ಮೇಲೆ ಎಳೆಯಿರಿ. ಹೆಚ್ಚು ಬಲ ಹಾಕದೆ 6 ಇಂಚಿಗೆ ಬಂದರೆ ನೂರಕ್ಕೆ 50 ಹಿಗ್ಗುತ್ತದೆ ಎಂದರ್ಥ. ಬಿಟ್ಟ ಮೇಲೆ ಮತ್ತೆ 4ಕ್ಕೇ ಬಂದು ನಿಲ್ಲಬೇಕು. ಅಸಲಿ ವಿಷಯ ಇರುವುದು ಇಲ್ಲೇ. ನಮ್ಮ ತುಂಡು 4¼ಕ್ಕೆ ಬಂದು ನಿಂತುಬಿಟ್ಟಿತು. ಅಡ್ಡಕ್ಕೆ ನೋಡಿದ ಹಾಗೆಯೇ ಉದ್ದಕ್ಕೂ ನೋಡಬೇಕು. ನಮ್ಮದು ಉದ್ದಕ್ಕೆ ಹಿಗ್ಗುತ್ತಲೇ ಇರಲಿಲ್ಲ. ಎರಡು ದಿಕ್ಕಿನಲ್ಲೂ ಎಳೆಯುವ ಬಟ್ಟೆಯಾದರೂ ಹೆಚ್ಚು ಹಿಗ್ಗುವ ದಿಕ್ಕು ಮೈಯ ಸುತ್ತಲೂ ಬರುವ ಹಾಗೆ ಕತ್ತರಿಸಬೇಕು.

ತೂಕದ ವಿಷಯಕ್ಕೂ ಒಂದು ಮಾತು. ಕಿಟ್‌ನವರು 220 ಜಿಎಸ್ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಗೆ 220 ಗ್ರಾಂ, ಎಂದಿದ್ದರು. ಅದನ್ನು ಪರೀಕ್ಷಿಸುವುದು ಸುಲಭ: 10 ಸೆಂ.ಮೀ.ಗೆ 10 ಸೆಂ.ಮೀ.ನ ಚೌಕ ಕತ್ತರಿಸಿ, ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ, ಬಂದ ಗ್ರಾಮನ್ನು 100ರಿಂದ ಗುಣಿಸಿ. 2.2 ಗ್ರಾಂ ಬರಬೇಕಿತ್ತು. ಅದರ ಹತ್ತಿರಕ್ಕೂ ಬರಲಿಲ್ಲ. ತೆಳು ಬಟ್ಟೆ ಒದ್ದೆಯಾಗಿ ಹಿಗ್ಗಿದಾಗ ಪಾರದರ್ಶಕವಾಗುತ್ತದೆ, ಮುಂಬೈಯ ಸೆಕೆಯಲ್ಲಿ ಬೆವರು ಇಳಿಯಲು ಹೊತ್ತು ಬೇಕಿಲ್ಲ. ಬಟ್ಟೆಯ ತುದಿಯನ್ನು ಒದ್ದೆ ಮಾಡಿ, ಎಳೆದು, ಕನ್ನಡ ಪೇಪರಿನ ಮೇಲಿಟ್ಟು ನೋಡಿ. ಅಕ್ಷರ ಓದಲು ಬಂದರೆ ಆ ಬಟ್ಟೆ ಬೇಡ. ಹೆಣ್ಣುಮಕ್ಕಳಿಗೆ ಈ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ ಎನ್ನುತ್ತೇನೆ. ದಾರಿಯಲ್ಲಿ ಯಾರೋ ನೋಡಿದರು ಎಂಬ ಸಂಕೋಚಕ್ಕೇ ಮರುದಿನದಿಂದ ಮನೆಯಲ್ಲೇ ಉಳಿದವರಿದ್ದಾರೆ.

ಹೊಲಿಗೆಗೆ ಕೊಟ್ಟದ್ದು ನೇರ ಹೊಲಿಗೆಯ ಮೆಷಿನ್, ಮಾಮೂಲಿ ಸೂಜಿ, ಹತ್ತಿಯ ನೂಲು. ಬಟ್ಟೆ ಹಿಗ್ಗುತ್ತದೆ, ನೇರ ಹೊಲಿಗೆ ಹಿಗ್ಗುವುದಿಲ್ಲ. ತಲೆಯ ಮೇಲಿಂದ ಟಾಪ್ ಎಳೆದುಕೊಳ್ಳುವಾಗಲೇ ಅತ್ತಿಗೆಯ ಪಕ್ಕದ ಹೊಲಿಗೆ ಪಟಪಟನೆ ಬಿಟ್ಟಿತು. ಮನೆಯ ಮೆಷಿನ್ನಿನಲ್ಲಿ ಜಿಗ್‌ಜಾಗ್ ಇದ್ದರೆ ಸಾಕು: ಅಗಲ ಅರ್ಧ ಮಿ.ಮೀ., ಉದ್ದ ಎರಡೂವರೆ ಮಿ.ಮೀ. ಇಟ್ಟರೆ ನೋಡಲು ನೇರವಾಗಿಯೇ ಕಾಣುತ್ತದೆ, ಎಳೆದಾಗ ಜೊತೆಗೆ ಹಿಗ್ಗುತ್ತದೆ. ನೂಲು ಪಾಲಿಯೆಸ್ಟರ್ ಇರಲಿ. ಸೂಜಿ ಬಾಲ್ ಪಾಯಿಂಟ್ ಅಥವಾ ಸ್ಟ್ರೆಚ್ ಸೂಜಿ, 75/11 ನಂಬರು. ಅದರ ಮೊನೆ ದುಂಡಗಿರುವುದರಿಂದ ಎಳೆಗಳ ನಡುವೆ ನುಸುಳಿ ಹೋಗುತ್ತದೆ. ಚೂಪು ಸೂಜಿ ಎಳೆಯನ್ನೇ ಕತ್ತರಿಸುತ್ತದೆ, ಒಂದಷ್ಟು ಒಗೆತವಾದ ಮೇಲೆ ಹೊಲಿಗೆಯ ಗುಂಟ ಸಣ್ಣ ಸಣ್ಣ ತೂತು ಕಾಣಿಸಿಕೊಳ್ಳುತ್ತವೆ. ಹೊಲಿಗೆ ಅಲ್ಲಲ್ಲಿ ತಪ್ಪಿಹೋಗುವುದಕ್ಕೂ ಹೆಚ್ಚಾಗಿ ಸೂಜಿಯೇ ಕಾರಣ. ನಮ್ಮ ತರಗತಿಯಲ್ಲಿ ಮಾತ್ರ "ನಿಮಗೆ ಅಭ್ಯಾಸ ಸಾಲದು" ಎಂದು ನಮ್ಮ ಕೈಯನ್ನೇ ದೂರಿದರು. ಅಲ್ಲಿದ್ದ ಒಬ್ಬ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು.

ಬಿಟ್ಟ ಹೊಲಿಗೆಯನ್ನು ಮೂಲೆಯಂಗಡಿಯಲ್ಲಿ ಇಂಟರ್‌ಲಾಕ್ ಮಾಡಿಸಿಕೊಂಡು ಅತ್ತಿಗೆ ನ್ಯಾಷನಲ್ ಪಾರ್ಕಿಗೆ ಓಡಲು ಹೋದರು. ಅಕ್ಟೋಬರದ ಬೇಗೆ. ಮನೆಗೆ ಬಂದು ಸ್ನಾನಕ್ಕೆ ನೀರು ಬಿದ್ದಾಗಲೇ ಕೂಗಿಕೊಂಡರು. ಒಳಗೆ ದಪ್ಪಗೆ ಎದ್ದು ನಿಂತಿದ್ದ ಇಂಟರ್‌ಲಾಕ್ ಗೆರೆ ಎರಡೂ ಕಂಕುಳ ಕೆಳಗೆ ಉಜ್ಜಿ ಉಜ್ಜಿ ಚರ್ಮ ಸುಲಿದಿತ್ತು. ಬೆವರಿನ ಉಪ್ಪು ಬೇರೆ. ಮಾಯುವವರೆಗೆ ಕೈ ಕೆಳಗಿಳಿಸಿ ಮಲಗಲು ಆಗಲಿಲ್ಲ, ಓಟದ ತಯಾರಿ ಅಲ್ಲಿಗೇ ನಿಂತಿತು. ಆ ಸಲದ ಹಾಫ್ ಅವರಿಗೆ ತಪ್ಪಿತು. ಕಂಪನಿಯ ಉಡುಪುಗಳಲ್ಲಿ ಚಪ್ಪಟೆಯಾದ ಫ್ಲಾಟ್‌ಲಾಕ್ ಹೊಲಿಗೆ ಹಾಕುವುದು ಇದಕ್ಕೇ. ಮನೆಯಲ್ಲಿ ಆ ಮೆಷಿನ್ ಇಲ್ಲದಿದ್ದರೂ ದಾರಿಯಿದೆ. ಪಕ್ಕದ ಹೊಲಿಗೆಯನ್ನು ಕಂಕುಳ ನೇರಕ್ಕೆ ತರದೆ ಸ್ವಲ್ಪ ಹಿಂದಕ್ಕೆ ಸರಿಸಬಹುದು, ಒಳಗಿನ ಅಂಚನ್ನು ಒಂದು ಬದಿಗೆ ಮಲಗಿಸಿ ಮೇಲಿಂದ ಜಿಗ್‌ಜಾಗ್ ಹಾಕಬಹುದು, ಬ್ರಾದಲ್ಲಿ ಅಂಚನ್ನು ಹೊರಗಡೆಗೇ ಬಿಡಬಹುದು.

ಇದು ಹೊಸ ವಿದ್ಯೆಯೇನಲ್ಲ. 1977ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಎಂಬ ಮೂವರು ಹೆಂಗಸರು, ಗಂಡಸರು ಆಟದ ವೇಳೆ ಒಳಗೆ ತೊಡುವ ಎರಡು ಜಾಕ್‌ಸ್ಟ್ರ್ಯಾಪ್‌ಗಳನ್ನು ಕೂಡಿಸಿ ಹೊಲಿದು ಮೊದಲ ಸ್ಪೋರ್ಟ್ಸ್ ಬ್ರಾ ಮಾಡಿದಾಗ, ಭುಜದ ಪಟ್ಟಿ ಜಾರಬಾರದು, ಹೊಲಿಗೆ ಮೈಗೆ ಉಜ್ಜಬಾರದು ಎಂಬುದೇ ಅವರ ಬೇಡಿಕೆಯಾಗಿತ್ತು. ಲಿಂಡಾಲ್ ತಾವೇ ಓಡುತ್ತಿದ್ದವರು, ಸ್ಮಿತ್ ನಾಟಕದ ವೇಷಭೂಷಣ ಹೊಲಿಯುತ್ತಿದ್ದವರು. ಇಷ್ಟು ವರ್ಷವಾದ ಮೇಲೆ, ದುಡ್ಡು ತೆಗೆದುಕೊಂಡು ಕಲಿಸುವವರಿಗೆ ಆ ಮೊದಲ ಬೇಡಿಕೆಯೂ ತಿಳಿದಿಲ್ಲ ಎಂದರೆ ಹೇಗೆ?

ಹಾಗಾಗಿ ಯಾವ ತರಗತಿಗೆ ಸೇರುವುದಿದ್ದರೂ ಮೊದಲೇ ಕೇಳಿ: ಎದೆಯ ಕೆಳಗಿನ ಅಳತೆ ತೆಗೆಯುತ್ತೀರಾ, ಬಟ್ಟೆಯ ತುಂಡೊಂದನ್ನು ಮುಂಚೆಯೇ ಕೊಡುತ್ತೀರಾ, ಯಾವ ಸೂಜಿ, ಕತ್ತರಿಸಿದ ಮೇಲೆ ಟ್ರಯಲ್ ಇದೆಯಾ. ಕಲಿಸುವವರು ತಾವು ಹೊಲಿದದ್ದನ್ನು ತೊಟ್ಟು ಕೈ ಎತ್ತಿ ತೋರಿಸಲಿ. ತಿಳಿದವರಿಗೆ ಇವೆಲ್ಲ ಬೇಸರದ ಪ್ರಶ್ನೆಗಳಲ್ಲ. ಬಟ್ಟೆ ನಾವೇ ತರುತ್ತೇವೆ ಎಂದರೆ ಒಪ್ಪದವರ ಹತ್ತಿರ ಹೋಗಲೇಬೇಡಿ. ಮಂಗಳದಾಸ್ ಮಾರ್ಕೆಟ್ಟಿಗೆ ಒಂದು ಸ್ಕೇಲ್ ಹಿಡಿದು ಹೋಗಿ ಅರ್ಧ ಮೀಟರು ತಂದು, ಒಗೆದು, ಒಣಗಿಸಿ, ಮತ್ತೆ ಎಳೆದು ನೋಡಿ. ಒಪ್ಪಿಗೆಯಾದರೆ ಉಳಿದದ್ದನ್ನು ಕೊಳ್ಳಿ.

ನಮ್ಮ ದುಡ್ಡಿನ ವಿಷಯ: ವಾಪಸ್ ಕೇಳಿದಾಗ "ಕತ್ತರಿಸಿದ ಬಟ್ಟೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ" ಎಂದು ಬರೆದು, ನಮ್ಮಿಬ್ಬರನ್ನೂ ತರಗತಿಯ ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿದರು. ನಾವು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟೆವು. ಅದಾದ ಮೇಲೆ ಕಿಟ್‌ನ ಬೆಲೆ ಮಾತ್ರ ಮರಳಿ ಬಂತು, ತರಗತಿಯ ಶುಲ್ಕ ಇನ್ನೂ ಬಂದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ನಾವು ಅದಕ್ಕೆ ಕಾಗದ ಜೋಡಿಸುತ್ತಿದ್ದೇವೆ. ನಿಮಗೂ ಹೀಗೇ ಆಗಿದ್ದರೆ ಜಾಹೀರಾತಿನ ಸ್ಕ್ರೀನ್‌ಶಾಟ್, ಯುಪಿಐ ರಸೀದಿ, ಕಿಟ್‌ನ ಮೇಲಿನ ಚೀಟಿ ಮತ್ತು ಮಿಕ್ಕ ಬಟ್ಟೆಯ ತುಂಡು, ಇವು ನಾಲ್ಕನ್ನೂ ಎತ್ತಿಡಿ. ಗುಂಪಿನಿಂದ ತೆಗೆಯುವ ಮೊದಲೇ ಚಾಟ್ ಎಕ್ಸ್‌ಪೋರ್ಟ್ ಮಾಡಿಕೊಂಡಿರಿ.