ಸರ್ಕಾರದ ಖರ್ಚಿಗೆ ಮಿತಿ: ಸಂವಿಧಾನದಲ್ಲೋ, ಕಾಯ್ದೆಯಲ್ಲೋ?

ಸರ್ಕಾರದ ಖರ್ಚಿಗೆ ಕಡಿವಾಣ ಬೇಕು, ಅದರಲ್ಲಿ ತಕರಾರಿಲ್ಲ. ಅದನ್ನು ಎಲ್ಲಿ ಬರೆದಿಡಬೇಕು ಅನ್ನುವುದೇ ಪ್ರಶ್ನೆ.

ಒಂದು ದಾರಿ ಅಮೆರಿಕದ ಕೊಲೊರಾಡೊ ರಾಜ್ಯದ್ದು. 1992ರಲ್ಲಿ ಮತದಾರರೇ ಮಿತಿಯನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಿದರು. ಜನಸಂಖ್ಯೆ ಮತ್ತು ಬೆಲೆ ಏರಿದಷ್ಟೇ ಸರ್ಕಾರದ ಕೈಯಲ್ಲಿ ಉಳಿಯುವ ಆದಾಯವೂ ಏರಬಹುದು. ಮಿಕ್ಕಿದ್ದು ಜನರಿಗೆ ವಾಪಸ್. ತೆರಿಗೆ ಹೆಚ್ಚಿಸಲು ಜನರ ಮತ ಬೇಕು. ಕೇಳಲು ಚೆಂದ, ಅಲ್ವಾ? ಆದರೆ 2001ರ ಆರ್ಥಿಕ ಹಿಂಜರಿತದ ನಂತರ ಆದಾಯ ಕುಸಿಯಿತು. ಆಗ ಮುಂದಿನ ಮಿತಿಯ ಲೆಕ್ಕ ಶುರುವಾಗುತ್ತಿದ್ದದ್ದು ಆ ಕುಸಿದ ಮೊತ್ತದಿಂದಲೇ! ವ್ಯಾಪಾರ ಚೇತರಿಸಿಕೊಂಡರೂ ಸರ್ಕಾರದ ಕೈ ಕಟ್ಟಿಯೇ ಇತ್ತು. ಕೊನೆಗೆ 2005ರಲ್ಲಿ ಮತದಾರರೇ ಮಿತಿಯನ್ನು 5 ವರ್ಷ ಸಡಿಲಿಸಿದರು.

ಇನ್ನೊಂದು ನಮ್ಮ ವಿಧಾನಸೌಧದ ದಾರಿ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತೆರಿಗೆಯನ್ನು ಕಟ್ಟಿಹಾಕುವುದಿಲ್ಲ, ಕೊರತೆಯನ್ನು, ಅಂದರೆ ಸಾಲ ಮಾಡಿ ತುಂಬುವ ಖರ್ಚನ್ನು, ರಾಜ್ಯದ ಒಟ್ಟು ಉತ್ಪನ್ನದ ಶೇ 3ಕ್ಕೆ ನಿಲ್ಲಿಸುತ್ತದೆ. ಕೋವಿಡ್ ಬಂದ 2020ರಲ್ಲಿ ತಿದ್ದುಪಡಿ ತಂದು ಆ ವರ್ಷದ ಮಟ್ಟಿಗೆ ಶೇ 5ಕ್ಕೆ ಏರಿಸಿದರು. ಖರ್ಚು ಮಾಡುವವರೇ ಮಿತಿ ಸಡಿಲಿಸಬಹುದು ಅನ್ನುವುದು ಇದರ ದೊಡ್ಡ ಹುಳುಕು, ಸುಮ್ನೆ ಮುಚ್ಚಿಡುವುದು ಬೇಡ.

ರಾಜಕಾರಣಿಗಳನ್ನು ಒಂದಿಷ್ಟೂ ನಂಬದವರಿಗೆ ಮೊದಲನೆಯದು ಹಿಡಿಸುತ್ತದೆ. ನನ್ನ ಮತ ಎರಡನೆಯದಕ್ಕೆ. ಬೆಂಗಳೂರಿನಲ್ಲಿ ರಾಜಕಾಲುವೆ, ಮೆಟ್ರೊ, ಕಾವೇರಿ ನೀರು ಎಲ್ಲವೂ ಹಳೆಯ ಬಾಕಿ ಕೆಲಸ. ಕಳೆದ ವರ್ಷದ ಆದಾಯಕ್ಕೆ ಕಟ್ಟುಬಿದ್ದ ಸೂತ್ರದಲ್ಲಿ ಆ ಬಾಕಿಗೆ ಜಾಗವೇ ಇಲ್ಲ.