ಮೆದುಳಿನ ಒತ್ತಡ ಇಳಿಸಲು: ಮ್ಯಾನಿಟಾಲೋ, 3% ಸಲೈನೋ?

ತಲೆಗೆ ಪೆಟ್ಟಾದವರ ಮೆದುಳಿನ ಒತ್ತಡ ಏರಿದಾಗ ಮ್ಯಾನಿಟಾಲ್ (ಸಕ್ಕರೆಯಂಥ ಒಂದು ವಸ್ತುವಿನ ದ್ರಾವಣ), 3% ಸಲೈನ್ (ಗಾಢ ಉಪ್ಪುನೀರು) ಎರಡೂ ಒಂದೇ ದಾರಿಯಲ್ಲಿ ಕೆಲಸ ಮಾಡುತ್ತವೆ: ರಕ್ತದ ಸಾಂದ್ರತೆ ಹೆಚ್ಚಿಸಿ ಮೆದುಳಿನ ನೀರನ್ನು ಹೊರಗೆಳೆಯುತ್ತವೆ. ಅಮೆರಿಕದ ಬ್ರೈನ್ ಟ್ರಾಮಾ ಫೌಂಡೇಶನ್ ಸಂಸ್ಥೆಯ 2016ರ ಮಾರ್ಗಸೂಚಿಯೂ ಇಂಥದ್ದೇ ಕೊಡಿ ಎನ್ನುವುದಿಲ್ಲ. ಹಾಗಾಗಿ ಆಯ್ಕೆ ರೋಗಿಯ ಸ್ಥಿತಿಯದು.

ಮೊದಲು ನೋಡಬೇಕಾದದ್ದು ರಕ್ತದೊತ್ತಡ. ಮ್ಯಾನಿಟಾಲ್ ಮೂತ್ರ ಹೆಚ್ಚಿಸಿ ದೇಹದ ದ್ರವ ಬರಿದಾಗಿಸುತ್ತದೆ. ರಕ್ತಸ್ರಾವವಿರುವ, ಸಿಸ್ಟಾಲಿಕ್ (ರಕ್ತದೊತ್ತಡದ ಮೇಲಿನ ಅಂಕಿ) 90ಕ್ಕಿಂತ ಕೆಳಗಿರುವ ಗಾಯಾಳುವಿಗೆ ಇದು ಅಪಾಯ, ಏಕೆಂದರೆ ರಕ್ತದೊತ್ತಡ ಕುಸಿದರೆ ಮೆದುಳಿಗೆ ರಕ್ತವೇ ತಲುಪದು. ಅಲ್ಲಿ ಸಲೈನ್ ಮೇಲು. ಹೃದಯ ವೈಫಲ್ಯವಿದ್ದರೆ ಲೆಕ್ಕ ತಿರುಗುತ್ತದೆ. ಸಲೈನಿನ ಹೆಚ್ಚುವರಿ ದ್ರವ ಶ್ವಾಸಕೋಶ ತುಂಬಬಹುದು. ಆದರೆ ಮ್ಯಾನಿಟಾಲ್ ಕೂಡ ಮೂತ್ರ ಇಳಿಯುವ ಮೊದಲು ರಕ್ತದ ಗಾತ್ರ ಹಿಗ್ಗಿಸುತ್ತದೆ ಎಂಬುದನ್ನು ಮರೆಯಬಾರದು.

ಮೂತ್ರಪಿಂಡ ಸೋತಿದ್ದರೆ ಮ್ಯಾನಿಟಾಲ್ ದೇಹದಲ್ಲೇ ಉಳಿಯುತ್ತದೆ. ರಕ್ತದ ಆಸ್ಮೊಲಾಲಿಟಿ (ಕರಗಿದ ಕಣಗಳ ಸಾಂದ್ರತೆ) 320 mOsm/kg ದಾಟಿದರೆ ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ಸಲೈನಿಗೆ ರಕ್ತದ ಸೋಡಿಯಂ 155–160 mmol/L ಗಡಿ. ಬಹುದಿನದಿಂದ ಸೋಡಿಯಂ ಕಡಿಮೆಯಿದ್ದವರಲ್ಲಿ ಥಟ್ಟನೆ ಏರಿಸಿದರೆ ನರಗಳ ಮೈಲಿನ್ ಪೊರೆ ಹಾಳಾಗಬಹುದು.

ಪ್ರಮಾಣ: ಮ್ಯಾನಿಟಾಲ್ ಕಿಲೋಗೆ 0.25–1 ಗ್ರಾಂ, 15–20 ನಿಮಿಷದಲ್ಲಿ. 60 ಕಿಲೋದವರಿಗೆ ಕಿಲೋಗೆ 0.5 ಗ್ರಾಂನಂತೆ 20% ದ್ರಾವಣ 150 ಮಿ.ಲೀ. ಚಳಿಗೆ ಹರಳುಗಟ್ಟುವುದರಿಂದ ಬಾಟಲಿ ಬೆಚ್ಚಗೆ ಮಾಡಿ, ಫಿಲ್ಟರ್ ಸೆಟ್ ಬಳಸಿ, ಮೂತ್ರದ ಕೊಳವೆ ಹಾಕಿರಿ. 3% ಸಲೈನ್ ಕಿಲೋಗೆ 2–5 ಮಿ.ಲೀ., 10–20 ನಿಮಿಷದಲ್ಲಿ. ತುರ್ತಿನಲ್ಲಿ ಕೈಯ ದಪ್ಪ ರಕ್ತನಾಳವೂ ನಡೆದೀತು. ಇನ್ನೂ ಗಾಢವಾದ 23.4% ಸಲೈನ್ ಮಾತ್ರ ಸೆಂಟ್ರಲ್ ಲೈನಿನಲ್ಲೇ (ಹೃದಯದ ಬಳಿಯ ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ).